ಎರೆಮಣ್ಣಿನಲ್ಲಿ ಎರಡಂತಸ್ತಿನ ಮನೆ: ಕಲ್ಲಿನ ಪಾಯ ಸಾಕಾ, ಪೈಲ್ ಬೇಕಾ?

ಕಪ್ಪುಹೊಲ (ಪ್ರಶ್ನೆ)

ನವಲಗುಂದ ತಾಲ್ಲೂಕು, 40×60 ಸೈಟು, ಅಪ್ಪಟ ಎರೆಮಣ್ಣು. ಬೇಸಿಗೆಯಲ್ಲಿ ನೆಲದ ಬಿರುಕಿಗೆ ಅಂಗೈ ಇಳಿಸಬಹುದು, ಅಷ್ಟು ಅಗಲ. ಕೆಳಗೊಂದು ಮನೆ, ಮೇಲೊಂದು, ಒಟ್ಟು 12 ಕಾಲಂ. ಮೂರು ಜನರಿಂದ ಮೂರು ಸಲಹೆ ಬಂದಿದೆ.

ಮೇಸ್ತ್ರಿ ಪ್ರಕಾರ 4 ಅಡಿ ಅಗೆದು 3 ಅಡಿ ಅಗಲಕ್ಕೆ ಸೈಜುಗಲ್ಲಿನ ಪಾಯ ಕಟ್ಟಿ ಮೇಲೆ ಪ್ಲಿಂತ್ ಬೀಮ್ (ಗೋಡೆ ಹೊರುವ ಕಾಂಕ್ರೀಟ್ ತೊಲೆ) ಹಾಕಿದರೆ ಮುಗೀತು, "ಪಾಯ ಅಗಲ ಆದಷ್ಟೂ ಮನೆ ಗಟ್ಟಿ". ಪ್ಲಾನ್ ಮಾಡಿಕೊಟ್ಟ ಇಂಜಿನಿಯರ್ ಅಂಡರ್‌ರೀಮ್ಡ್ ಪೈಲ್, ಅಂದರೆ ಆಳಕ್ಕೆ ಕೊರೆದು ತಳ ಉಬ್ಬಿಸಿದ ಕಾಂಕ್ರೀಟ್ ಕಂಬ, ಅನ್ನುತ್ತಾರೆ. ನೆಂಟರೊಬ್ಬರು 5 ಅಡಿ ಮಣ್ಣು ತೆಗೆಸಿ ಮರಳು ತುಂಬಿಸಿ ಅದರ ಮೇಲೆ ಫುಟಿಂಗ್ (ಕಾಲಂ ಅಡಿಯ ಕಾಂಕ್ರೀಟ್ ಪೀಠ) ಕೂರಿಸು ಅನ್ನುತ್ತಾರೆ.

ಯಾವುದು ಸರಿ? ಇನ್ನೊಂದು ಅನುಮಾನ: ಪಕ್ಕದ ಸೈಟಿನಲ್ಲಿ ಒಂದೇ ಅಂತಸ್ತಿನ ಮನೆ ಕಿಟಕಿ ಮೂಲೆಗಳಿಂದ ಓರೆಯಾಗಿ ಸೀಳಿದೆ. ಬಿರುಕು ಬೇಸಿಗೆಯಲ್ಲಿ ಅಗಲವಾಗುತ್ತದೆ, ಮಳೆಗಾಲದಲ್ಲಿ ಅರ್ಧ ಮುಚ್ಚಿಕೊಳ್ಳುತ್ತದೆ. ಅಷ್ಟು ಹಗುರದ ಮನೆಗೇ ಹೀಗಾದರೆ ಎರಡಂತಸ್ತಿಗೆ ಏನು ಗತಿ? ಅಕ್ಷಯ ತೃತೀಯಕ್ಕೆ ಗುದ್ದಲಿ ಪೂಜೆ ಇಟ್ಟುಕೊಂಡಿದ್ದೇವೆ.

ಸ್ಲಂಪ್‌ಕೋನ್

ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಉತ್ತರ ಇದೆ. ಪಕ್ಕದ ಮನೆ ಹಗುರವಾಗಿರುವುದರಿಂದಲೇ ಸೀಳಿದೆ.

ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಉಬ್ಬುವಾಗ ಅದು ಮೇಲಕ್ಕೆ ಒತ್ತುವ ಬಲ ಜಾಗಕ್ಕೆ ತಕ್ಕಂತೆ ಚದರ ಮೀಟರಿಗೆ 5 ಟನ್ನಿನಿಂದ 20–30 ಟನ್ ತನಕ ಹೋಗುತ್ತದೆ. ಒಂದಂತಸ್ತಿನ ಮನೆಯ ಗೋಡೆ, ಛಾವಣಿ ಸೇರಿ ಪಾಯದ ಮೇಲೆ ಬೀಳುವುದು ಮೀಟರ್ ಉದ್ದಕ್ಕೆ ಸುಮಾರು ಎರಡೂವರೆ ಮೂರು ಟನ್. ಅದನ್ನು 3 ಅಡಿ ಅಗಲಕ್ಕೆ ಹರಡಿದರೆ ಚದರ ಮೀಟರಿಗೆ ಬರುವುದು ಮೂರೇ ಟನ್, ಕಲ್ಲಿನ ತೂಕ ಸೇರಿಸಿದರೂ ಐದರ ಆಸುಪಾಸು. ಮಣ್ಣಿನ ಕೈ ಮೇಲಾಗುತ್ತದೆ. ಪಾಯ ಇನ್ನೂ ಅಗಲ ಮಾಡಿದರೆ ಒತ್ತಡ ಇನ್ನೂ ಇಳಿಯುತ್ತದೆ, ಎತ್ತುವುದು ಮಣ್ಣಿಗೆ ಇನ್ನೂ ಸಲೀಸು. ಕೆಂಪುಮಣ್ಣಿನಲ್ಲಿ ಮೇಸ್ತ್ರಿಯ ಮಾತು ಸರಿ, ಇಲ್ಲಿ ತಲೆಕೆಳಗು. "ಭದ್ರ ಬುನಾದಿ" ಅನ್ನುವಾಗ ಭಾಷಣಕಾರರ ಮನಸ್ಸಿನಲ್ಲಿರುವುದು ಅಗಲ ಮತ್ತು ಭಾರ. ಎರೆಮಣ್ಣಿನಲ್ಲಿ ಭದ್ರತೆ ಬರುವುದು ಆಳದಿಂದ. ಎಷ್ಟೇ ಗಟ್ಟಿ ಕಲ್ಲಿರಲಿ, 4 ಅಡಿಯಲ್ಲಿ ಕೂತ ಪಾಯ ಮಣ್ಣಿನ ಜೊತೆಗೇ ಏರಿಳಿಯುತ್ತದೆ.

ನಮ್ಮ ದೇಶದ ಆಳವಾದ ಎರೆಮಣ್ಣಿನಲ್ಲಿ ಋತುವಿನ ಏರಿಳಿತ ನಿಲ್ಲುವುದು ಸುಮಾರು 3.5 ಮೀಟರ್, ಅಂದರೆ ಹನ್ನೊಂದೂವರೆ ಅಡಿ ಕೆಳಗೆ. ಅಂಡರ್‌ರೀಮ್ಡ್ ಪೈಲ್ ಹುಟ್ಟಿದ್ದೇ ಇದಕ್ಕೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐ ಅದನ್ನು ನಮ್ಮ ಎರೆಮಣ್ಣಿಗೆ ಹೊಂದಿಸಿ ಬೆಳೆಸಿತು, ಭಾರತೀಯ ಮಾನಕ ಐಎಸ್ 2911ರ ಭಾಗ 3 ಪೂರ್ತಿ ಅದರ ಬಗ್ಗೆಯೇ ಇದೆ. 300 ಮಿ.ಮೀ. ವ್ಯಾಸದ ತೂತು, ತಳದ ಹತ್ತಿರ 750 ಮಿ.ಮೀ. ವ್ಯಾಸದ ಉಬ್ಬು, ಅಂದರೆ ಎರಡೂವರೆ ಪಟ್ಟು. ಕೆಳಗಿನ ಅಲುಗದ ಮಣ್ಣಿನಲ್ಲಿ ಆ ಉಬ್ಬು ಲಂಗರಿನ ಹಾಗೆ ಕೂರುತ್ತದೆ. ಸಾಧಾರಣ ಗಟ್ಟಿ ಜೇಡಿಯಲ್ಲಿ 3.5 ಮೀಟರಿನ ಇಂಥ ಒಂದು ಉಬ್ಬಿನ ಪೈಲಿಗೆ ಆ ಮಾನಕದ ಕೋಷ್ಟಕ ಕೊಡುವ ಸುರಕ್ಷಿತ ಭಾರ ಕೆಳಮುಖಕ್ಕೆ 16 ಟನ್, ಮೇಲ್ಮುಖಕ್ಕೆ 8 ಟನ್. ನಿಮ್ಮ ಮೂಲೆ ಕಾಲಂಗಳಿಗೆ ಬಹುಶಃ ಒಂದೊಂದು ಸಾಕು. ನಡುವಿನ ಕಾಲಂಗೆ 30 ಟನ್ ಬಂದರೆ ಎರಡು ಪೈಲ್ ಹಾಕಿ ಮೇಲೆ ಎರಡನ್ನೂ ಸೇರಿಸುವ ಕ್ಯಾಪ್ ಕಟ್ಟಬೇಕು, ಎರಡರ ಮಧ್ಯೆ ಉಬ್ಬಿನ ವ್ಯಾಸದ ಎರಡು ಪಟ್ಟು, ಅಂದರೆ ಒಂದೂವರೆ ಮೀಟರ್ ಅಂತರ. ಅಂತಿಮ ಲೆಕ್ಕ ನಿಮ್ಮ ಇಂಜಿನಿಯರ್ ಮಾಡಲಿ.

ಆದರೆ ಪೈಲ್ ಎಂದು ಈಗಲೇ ತೀರ್ಮಾನಿಸಬೇಡಿ. ಮೊದಲು ಜೆಸಿಬಿ ಕರೆಸಿ ಎರಡು ಎದುರುಬದುರು ಮೂಲೆಯಲ್ಲಿ ಗುಂಡಿ ತೆಗೆಸಿ. ಎರೆ ಎಷ್ಟು ಅಡಿಗೆ ಮುಗಿದು ಗರಸು (ಉಬ್ಬದ ಗಟ್ಟಿ ಜಲ್ಲಿಮಣ್ಣು) ಸಿಗುತ್ತದೆ ಎಂಬ ಒಂದೇ ವಿಷಯದ ಮೇಲೆ ಇಡೀ ನಿರ್ಧಾರ ನಿಂತಿದೆ. 6–7 ಅಡಿಗೇ ಗರಸು ಬಂದರೆ ಪೈಲ್ ಬೇಡವೇ ಬೇಡ, ಫುಟಿಂಗನ್ನು ಗರಸಿನೊಳಗೆ ಅರ್ಧ ಅಡಿ ಇಳಿಸಿ ಕೂರಿಸಿದರೆ ಆಯಿತು. ಗುಂಡಿ ಮಾತ್ರ ಕಾಲಂ ಬರುವ ಜಾಗದಲ್ಲಿ ಬೇಡ. ಸಡಿಲಾದ ಮಣ್ಣಿನಲ್ಲಿ ಆಮೇಲೆ ಪೈಲ್ ಕೊರೆದರೆ ತೂತು ಕುಸಿಯುತ್ತದೆ.

3, 6 ಮತ್ತು 10 ಅಡಿಯಿಂದ ಒಂದೊಂದು ಚೀಲ ಮಣ್ಣು ಲ್ಯಾಬಿಗೆ ಕಳಿಸಿ, "ಫ್ರೀ ಸ್ವೆಲ್ ಇಂಡೆಕ್ಸ್" ಕೇಳಿ. ಸರಳ ಪರೀಕ್ಷೆ: ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ನೀರಿರುವ ಜಾಡಿಗೆ, ಇನ್ನೊಂದು 10 ಗ್ರಾಂ ಸೀಮೆಎಣ್ಣೆ ಇರುವ ಜಾಡಿಗೆ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿ.ಲೀ. ಇದ್ದು ನೀರಿನಲ್ಲಿ 17 ಆದರೆ ಸೂಚ್ಯಂಕ 70 ಶೇಕಡಾ. 50 ದಾಟಿದರೆ ಕಲ್ಲಿನ ಪಾಯದ ಮಾತು ಬಿಟ್ಟುಬಿಡಿ.

ಗರಸುಗಾಡಿ

ಮ್ಯಾಲಿನವ್ರು ಹೇಳಿದ್ದು ಖರೆ ಅದ. ಕೆಲಸದಾಗ ಎಲ್ಲಿ ಹಾಳಾಗ್ತದ ಅನ್ನೂದು ನಾ ಹೇಳ್ತೀನಿ.

ಮೊದಲ ಆ ಮರಳ ತುಂಬೂದು ಬಿಡ್ರಿ. ಎರಿಯೊಳಗ ಐದ ಅಡಿ ತಗ್ಗ ತೋಡಿ ಮರಳ ತುಂಬಿದ್ರ ಅದು ಪಾಯ ಅಲ್ಲ, ಬಾವಿ. ಸುತ್ತಲಿನ ಎರಿಯೊಳಗ ನೀರ ಇಳ್ಯಾಂಗಿಲ್ಲ, ಮಳಿ ನೀರೆಲ್ಲಾ ಮರಳಿನ ತಗ್ಗಿಗೆ ಬಂದು ಕುಂದರ್ತದ, ಫುಟಿಂಗ್ ಬುಡಕಿನ ಎರಿ ವರ್ಷಪೂರ್ತಿ ಕುಡೀತದ. ತುಂಬೂದೇ ಆದ್ರ ಜರಾ ಅಂಟಿರೂ ಗರಸು ತುಂಬ್ರಿ, ಉಬ್ಬಬಾರ್ದು, ನೀರೂ ಸಳಸಳ ಬಿಡಬಾರ್ದು. ಆರಾರು ಇಂಚಿನ ಪದರ, ಪ್ರತಿ ಪದರಕ್ಕ ಹದವಾಗಿ ನೀರ ಚಿಮುಕಿಸಿ ಪ್ಲೇಟ್ ಕಂಪ್ಯಾಕ್ಟರ್ ಹೊಡೀಬೇಕು. ಹದ ನೋಡೂದು ಹ್ಯಾಂಗಂದ್ರ ಮುಟಿಗಿಯೊಳಗ ಹಿಚುಕಿದ್ರ ಉಂಡಿ ಆಗಬೇಕು, ಮೊಣಕಾಲಮಟ ಎತ್ತರದಿಂದ ಬಿಟ್ರ ಒಡೀಬೇಕು. ಉಂಡಿನೇ ಆಗಲಿಲ್ಲಂದ್ರ ಒಣ, ಬಿದ್ದು ಚಪ್ಪಟಿ ಆದ್ರ ನೀರ ಜಾಸ್ತಿ.

ಎರಡನೇದು, ಪ್ಲಿಂತ್ ತುಂಬೂದು. ಪಾಯದಾಗ ತಗದ ಎರಿಮಣ್ಣ ಅಲ್ಲೇ ರಾಶಿ ಬಿದ್ದಿರ್ತದ, ಗಾಡಿ ಬಾಡಿಗಿ ಉಳೀಲಿ ಅಂತ ಅದನ್ನ ಒಳಗ ತುಂಬ್ತಾರ. ಎರಡ ವರ್ಷದಾಗ ನಡುಮನಿ ಟೈಲ್ಸ್ ಗುಬ್ಬದ್ಹಂಗ ಏಳ್ತಾವ, ಬಾಗ್ಲ ಕೆಳಗ ತಿಕ್ತಾವ. ಪಾಯ ಎಷ್ಟು ಚೊಲೋ ಇದ್ರೂ ಇದಕ್ಕ ಏನೂ ಉಪಯೋಗಿಲ್ಲ, ಯಾಕಂದ್ರ ನೆಲ ಪಾಯದ ಮ್ಯಾಲ ನಿಂತಿಲ್ಲ, ತುಂಬಿದ ಮಣ್ಣಿನ ಮ್ಯಾಲ ನಿಂತದ. ಎರಿ ಒಂದ ಬುಟ್ಟಿನೂ ಒಳಗ ಹೋಗಬಾರ್ದು. ಮ್ಯಾಲಿನ ಎರಿ ಎರಡ ಅಡಿ ತಗಸಿ ಬರೇ ಗರಸು ಹಾಕಸ್ರಿ.

ಮೂರನೇದು, ಗರಸು ತುಂಬಿದ ಮ್ಯಾಲ ನೀರ ಕಟ್ಟಿ ನಿಲ್ಲಸ್ತಾರಲ್ಲ, "ರಾತ್ರಿ ಪೂರಾ ನೀರ ಬಿಡ್ರಿ, ತಾನ ಕುಂದರ್ತದ" ಅಂತ. ಮಸಾರಿ ಭೂಮಿಯಾಗ ನಡೀತದ. ಇಲ್ಲಿ ಆ ನೀರ ಗರಸಿನ ಬುಡಕಿನ ಎರಿಗೆ ಹೊಕ್ಕು ಮನಿ ಕಟ್ಟೂಕಿಂತ ಮೊದಲ ಉಬ್ಬಿಸಿ ಇಡ್ತದ.

ಊರ ಹಳೇ ಜಾಗಾ ಆಗಿದ್ರ ಇನ್ನೊಂದು ನೋಡ್ರಿ: ಹಗೇವು. ಹಿಂದಿನವ್ರು ಕಾಳ ಇಡೂ ನೆಲಮಾಳಿಗಿ, ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಎಷ್ಟೋ ಕಡೆ ಬಾಯಿಗೆ ಕಲ್ಲ ಮುಚ್ಚಿ ಮರೆತುಬಿಟ್ಟಾರ. ಹಾರಿಗೋಲಿನಿಂದ ಮೂರ ಮೂರ ಅಡಿಗೊಮ್ಮೆ ನೆಲ ಕುಟ್ಟಿ ನೋಡ್ರಿ, ಡೊಳ್ಳಿನಂಗ ಸಪ್ಪಳ ಬಂದ್ರ ತಗದ ನೋಡಬೇಕು. ಸಿಕ್ರ ಒಳಗಿನ ಹುಲ್ಲು ಕಸ ಎಲ್ಲಾ ತಗದು ತಳದಿಂದ 1:5:10 ಕಾಂಕ್ರೀಟ್ ತುಂಬ್ರಿ. ಬರೇ ಮಣ್ಣ ತುಂಬಿ ಮ್ಯಾಲ ಪಾಯ ಕಟ್ಟಿದ್ರ ಒಂದ ಮೂಲಿ ಕೂತುಬಿಡ್ತದ.

ಕೆಂಪುಮಣ್ಣು

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಬೇಕಾ? ಬೆಂಗಳೂರಲ್ಲಿ 5 ಅಡಿ ಅಗೆದು 4×4 ಫುಟಿಂಗ್ ಹಾಕಿ ಮೂರಂತಸ್ತು ಕಟ್ಟುತ್ತಾರೆ, ಏನೂ ಆಗಲ್ಲ. ಕಬ್ಬಿಣ ಒಂದು ಸೈಜ್ ಜಾಸ್ತಿ ಹಾಕಿ, ಪ್ಲಿಂತ್ ಬೀಮ್ ದಪ್ಪ ಮಾಡಿ. ಬಿರುಕು ಬರಲ್ಲ.

ಸ್ಲಂಪ್‌ಕೋನ್

ನಿಮ್ಮಲ್ಲಿ ಮಣ್ಣು ಕೂರಬಹುದು ಎಂಬುದೊಂದೇ ಚಿಂತೆ, ಅದಕ್ಕೆ 4×4 ಸಾಕು. ಇಲ್ಲಿ ಏಳುವುದೂ ಇದೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಬೇಸಿಗೆಯಲ್ಲಿ ಮನೆಯ ಅಂಚಿನ ಮಣ್ಣು ಒಣಗಿ ಕುಗ್ಗುತ್ತದೆ, ಮನೆ ಅಡಿಯದು ತೇವ ಹಿಡಿದುಕೊಂಡೇ ಇರುತ್ತದೆ. ಆಗ ಗೋಡೆಯ ಎರಡು ತುದಿ ಇಳಿದು ನಡು ನಿಲ್ಲುತ್ತದೆ, ಬಿರುಕು ಮೇಲ್ಗಡೆ ಅಗಲ, ಕೆಳಗೆ ಕೂದಲೆಳೆ. ನಡು ಇಳಿದು ತುದಿ ನಿಂತರೆ ಇದರ ಉಲ್ಟಾ. ಕಪ್ಪುಹೊಲ ಅವರೇ, ಪಕ್ಕದ ಮನೆಯ ಬಿರುಕು ಮೇಲೆ ಅಗಲವೋ ಕೆಳಗೋ ನೋಡಿ. ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ ಎಂದಿರಿ, ಮೇಲೆಯೇ ಅಗಲ ಇರಬೇಕು.

ಪ್ಲಿಂತ್ ಬೀಮ್ ದಪ್ಪ ಮಾಡುವ ಮಾತಿಗೆ ಬಂದರೆ, ನೆಲಕ್ಕೆ ತಾಗಿಸಿ ಹಾಕಿದ ಬೀಮ್ ಎಷ್ಟು ದಪ್ಪ ಇದ್ದರೂ ಮಣ್ಣು ಅದನ್ನು ಕೆಳಗಿನಿಂದ ಒತ್ತುತ್ತದೆ. ಪೈಲ್ ಹಾಕಿ, ಬೀಮ್ ಮಾತ್ರ ಮಣ್ಣಿನ ಮೇಲೆ ಕೂರಿಸಿದರೆ ಮಾಡಿದ ಖರ್ಚೆಲ್ಲ ನೀರಿಗೆ. ಬೀಮಿನ ತಳಕ್ಕೂ ಎರೆಮಣ್ಣಿಗೂ ನಡುವೆ 80 ಮಿ.ಮೀ. ಖಾಲಿ ಜಾಗ ಬಿಡಲೇಬೇಕು, ಮಣ್ಣು ಉಬ್ಬಿದರೆ ಆ ಜಾಗದೊಳಗೇ ಉಬ್ಬಲಿ. ಸುಲಭದ ದಾರಿ: ಮೂರು ಇಂಚಿಗಿಂತ ಸ್ವಲ್ಪ ಹೆಚ್ಚು ಸಡಿಲ ಮರಳು ಹರಡಿ, ಅದರ ಮೇಲೆ ತೆಳು ಪಿಸಿಸಿ (ಕಬ್ಬಿಣವಿಲ್ಲದ ಕಾಂಕ್ರೀಟ್) ಹಾಕಿ ಬೀಮ್ ಎರಕ ಹೊಯ್ಯುವುದು, ಬೀಮ್ ಗಟ್ಟಿಯಾದ ಮೇಲೆ ಬದಿಯಿಂದ ಮರಳನ್ನು ಕೆದಕಿ ತೆಗೆಯುವುದು. ಆಮೇಲೆ ಗರಸು ತುಂಬುವಾಗ ಆ ಸಂದಿಗೆ ಗರಸು ನುಗ್ಗದಂತೆ ಎರಡೂ ಬದಿಗೆ ಶಹಾಬಾದ್ ಫರಸಿಯ ಪಟ್ಟಿ ನಿಲ್ಲಿಸಬೇಕು. ಈ ಮರಳು ತೆಗೆಯುವ ಕೆಲಸವನ್ನೇ ಹತ್ತರಲ್ಲಿ ಎಂಟು ಕಡೆ ಮರೆಯುತ್ತಾರೆ. ನೀವೇ ಟಾರ್ಚ್ ಹಿಡಿದು ಒಂದು ಬದಿಯಿಂದ ನೋಡಿ, ಇನ್ನೊಂದು ಬದಿಯ ಬೆಳಕು ಕಾಣಬೇಕು.

ತೂಬು

ಪೈಲ್, ಬೀಮ್ ಎಲ್ಲ ಆಯ್ತು, ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಈ ಮಣ್ಣಿನಲ್ಲಿ ತೇವ ಬದಲಾಗದಿದ್ದರೆ ಚಲನೆಯೂ ಇಲ್ಲ. ಒಣಗಿದ್ದರೆ ಒಣಗಿಯೇ, ತೇವವಿದ್ದರೆ ತೇವವಾಗಿಯೇ ಇರಲಿ, ಏರುಪೇರಾಗಬಾರದು ಅಷ್ಟೆ.

ಮನೆ ಸುತ್ತ ಕನಿಷ್ಠ 5 ಅಡಿ ಅಗಲದ ಏಪ್ರನ್ (ನೀರಿಳಿಯದ ಗಟ್ಟಿ ನೆಲಹಾಸು) ಹಾಕಿಸಿ, ಹೊರಕ್ಕೆ ಒಂದೂವರೆ ಇಂಚು ಇಳಿಜಾರು. ಗೋಡೆಗೂ ಏಪ್ರನ್ನಿಗೂ ಸಿಮೆಂಟ್ ಹಾಕಿ ಬೆಸೆಯಬೇಡಿ, ಅರ್ಧ ಇಂಚು ಸಂದಿ ಬಿಟ್ಟು ಡಾಂಬರು ತುಂಬಿಸಿ. ಏಪ್ರನ್ ಏರಿಳಿಯುತ್ತದೆ, ಮನೆ ಏರಿಳಿಯುವುದಿಲ್ಲ, ಬೆಸೆದರೆ ಸೀಳುವುದು ಅಲ್ಲೇ, ಸೀಳಿದಲ್ಲೇ ನೀರು ಇಳಿಯುತ್ತದೆ. ಛಾವಣಿಯ ಮಳೆನೀರಿನ ಪೈಪು ಏಪ್ರನ್ ಮೇಲೆ ಸುರಿಯುವಂತೆ ಬಿಡದೆ ಚರಂಡಿವರೆಗೆ ಒಯ್ಯಿರಿ.

ಸಂಪು. ವಾಸ್ತು ಪ್ರಕಾರ ಈಶಾನ್ಯದಲ್ಲೇ ಬರುತ್ತದೆ, ಅಲ್ಲೇ ಮೂಲೆ ಕಾಲಮ್ಮೂ ಇರುತ್ತದೆ. ಇಟ್ಟಿಗೆ ಸಂಪು ಎರೆಮಣ್ಣಿನಲ್ಲಿ ಉಳಿಯುವುದಿಲ್ಲ, ಹೊರಗಿನಿಂದ ಮಣ್ಣು ಒತ್ತಿ ಗೋಡೆ ಸೀಳುತ್ತದೆ, ಆಮೇಲೆ ಸದ್ದಿಲ್ಲದೆ ಸೋರುತ್ತ ಆ ಒಂದು ಮೂಲೆಯನ್ನು ಮಾತ್ರ ವರ್ಷಗಟ್ಟಲೆ ಎತ್ತುತ್ತದೆ. ಆರ್‌ಸಿಸಿ ಸಂಪೇ ಮಾಡಿಸಿ, ಮನೆಯ ಪಾಯಕ್ಕೆ ಅದನ್ನು ಎಲ್ಲೂ ಕಟ್ಟಬೇಡಿ, ಸೈಟು 40×60 ಇರುವುದರಿಂದ ಕಾಲಂನಿಂದ ಏಳೆಂಟು ಅಡಿ ದೂರ ಇಡುವುದು ಕಷ್ಟವಿಲ್ಲ, ಈಶಾನ್ಯವೂ ತಪ್ಪುವುದಿಲ್ಲ. ತುಂಬಿಸಿ 48 ಗಂಟೆ ಮುಚ್ಚಿಟ್ಟು ಮಟ್ಟ ಗುರುತು ಮಾಡಿ ನೋಡಿ. ಸಂಡಾಸಿನ ಪೈಪು ಗೋಡೆ ದಾಟುವ ಕಡೆ ಬಿಗಿಯಾಗಿ ಗಾರೆ ತುಂಬಿಸಬೇಡಿ, ಸುತ್ತ ಒಂದು ಇಂಚು ಬಿಟ್ಟು ರಬ್ಬರ್ ಜಾಯಿಂಟ್ ಕೊಡಿ.

ಮರ: ಬೇವು, ಅರಳಿ, ನೀಲಗಿರಿ ಯಾವುದೇ ಆಗಲಿ, ಪೂರ್ತಿ ಬೆಳೆದಾಗ ಎಷ್ಟು ಎತ್ತರವೋ ಅಷ್ಟು ದೂರ. ಸೈಟಿನಲ್ಲಿ ಈಗಾಗಲೇ ದೊಡ್ಡ ಮರ ಇದ್ದು ಕಡಿಯಬೇಕಾದರೆ ಕನಿಷ್ಠ ಒಂದು ಮಳೆಗಾಲ ಮೊದಲೇ ಕಡಿಯಿರಿ. ಮರ ಕುಡಿಯುತ್ತಿದ್ದ ನೀರು ಮಣ್ಣಿಗೆ ಮರಳಿ ಬಂದು ಆ ಜಾಗ ಉಬ್ಬುತ್ತದೆ. ಉಬ್ಬುವುದು ಆದಷ್ಟೂ ಮನೆಗೆ ಮುಂಚೆ ಮುಗಿಯಲಿ.

ಕಾಲುವೆದಂಡೆ

ಗರಸು ಪದರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಗರಸುಗಾಡಿ ಹೇಳಿದ "ಅಂಟಿರಬೇಕು, ಉಬ್ಬಬಾರದು" ಅನ್ನುವುದಕ್ಕೆ ತಾಂತ್ರಿಕವಾಗಿ ಸಿಎನ್‌ಎಸ್ (ಕೊಹೆಸಿವ್ ನಾನ್-ಸ್ವೆಲಿಂಗ್) ಪದರ ಎನ್ನುತ್ತಾರೆ. ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿ ಇದನ್ನು ರೂಪಿಸಿದರು. ಮಲಪ್ರಭಾ ಕಾಲುವೆಯಲ್ಲಿ ಎರೆಮಣ್ಣು ಲೈನಿಂಗನ್ನು ಎತ್ತಿ ಒಡೆಯುತ್ತಿದ್ದಾಗ ಅದರ ಅಡಿ ಈ ಪದರವನ್ನೇ ಹಾಕಿದರು. ನವಲಗುಂದದವರಿಗೆ ದೂರದ ಮಾತೇನಲ್ಲ. ಮನೆಗಾದರೆ ಸುಮಾರು ಒಂದು ಮೀಟರ್ ದಪ್ಪ ಬೇಕು, ಫುಟಿಂಗಿನ ಅಂಚು ದಾಟಿ ಎಲ್ಲ ಬದಿಗೂ ಹರಡಿರಬೇಕು. ಹಗುರ ಕಟ್ಟಡ, ಕಾಂಪೌಂಡ್ ಗೋಡೆ, ದನದ ಕೊಟ್ಟಿಗೆಗೆ ಇದು ಪೈಲಿಗಿಂತ ಅಗ್ಗ. ಎರಡಂತಸ್ತಿಗೆ ನಾನು ಇದನ್ನು ನಂಬಿ ಕೂರುವುದಿಲ್ಲ. ಕೆಲಸದ ಗುಣಮಟ್ಟ ಪೂರ್ತಿ ಕಂಪ್ಯಾಕ್ಟರ್ ಹಿಡಿದವನ ಕೈಯಲ್ಲಿರುತ್ತದೆ.

ಕಪ್ಪುಹೊಲ

ಎಲ್ಲರಿಗೂ ಧನ್ಯವಾದ. ಗುಂಡಿ ತೆಗೆಸಿದೆವು. ಈಶಾನ್ಯದಲ್ಲಿ ಆರೂವರೆ ಅಡಿಗೆ ಹಳದಿ ಗರಸು ಸಿಕ್ಕಿತು, ಹಾರೆ ಹಾಕಿದರೆ ಠಣ್ ಅನ್ನುತ್ತದೆ. ನೈಋತ್ಯದಲ್ಲಿ 11 ಅಡಿಗೂ ಎರೆಯೇ, ಜೆಸಿಬಿ ಬಕೆಟ್ ಅಲ್ಲಿಗೇ ಮುಗಿಯಿತು. ಲ್ಯಾಬಿನಲ್ಲಿ 6 ಅಡಿಯ ಮಣ್ಣಿಗೆ 72 ಬಂದಿದೆ. ಪಕ್ಕದ ಮನೆಯ ಬಿರುಕು ಮೇಲ್ಗಡೆಯೇ ಅಗಲ.

ಈಗ ಮೇಸ್ತ್ರಿ ಹೊಸ ದಾರಿ ಹೇಳುತ್ತಿದ್ದಾರೆ: ಈಶಾನ್ಯದ ಅರ್ಧ ಮನೆಗೆ ಗರಸಿನ ಮೇಲೆ ಫುಟಿಂಗ್, ನೈಋತ್ಯದ ಅರ್ಧಕ್ಕೆ 6 ಅಡಿಯಲ್ಲೇ ದೊಡ್ಡ ಫುಟಿಂಗ್. ಖರ್ಚು ಉಳಿಯುತ್ತದಂತೆ.

ಸ್ಲಂಪ್‌ಕೋನ್

ಬೇಡ. ನೀವು ಕೇಳಿದ ದಾರಿಗಳಲ್ಲಿ ಅದೇ ಅತಿ ಕೆಟ್ಟದ್ದು. ಇಡೀ ಮನೆ ಒಟ್ಟಿಗೆ ಎರಡು ಇಂಚು ಎದ್ದರೂ ಗೋಡೆ ತಡೆದುಕೊಳ್ಳುತ್ತದೆ. ಅರ್ಧ ನಿಂತು ಅರ್ಧ ಎದ್ದರೆ ಎರಡರ ಸೇರುವೆಯಲ್ಲಿ ನೆಲದಿಂದ ಪ್ಯಾರಪೆಟ್ಟಿನ ತನಕ ಸೀಳುತ್ತದೆ. ಎಲ್ಲ ಕಾಲಂಗಳೂ ಅಲುಗದ ನೆಲದ ಮೇಲೆ ನಿಲ್ಲಬೇಕು. ವಿಜಯಪುರದ ಗೋಲಗುಮ್ಮಟದ ಅಷ್ಟು ತೂಕ ಸೀಳದೆ ನಿಂತಿರುವುದಕ್ಕೆ ಬುಡ ಬಂಡೆಯ ಮೇಲಿರುವುದು ದೊಡ್ಡ ಕಾರಣ. ನಿಮ್ಮ ಮನೆಗೂ ಅದೇ ಲೆಕ್ಕ.

ನಿಮಗೆ ಎರಡು ದಾರಿ. ಎಲ್ಲ ಫುಟಿಂಗನ್ನೂ ಗರಸಿಗೆ ಇಳಿಸುವುದು ಒಂದು. ಆದರೆ ನೈಋತ್ಯದಲ್ಲಿ 12–13 ಅಡಿಯ ಗುಂಡಿ ಬೇಕು, ಎರೆಮಣ್ಣಿನ ಗುಂಡಿ ಒಣಗಿದಾಗ ಗೋಡೆಯ ಹಾಗೆ ನೆಟ್ಟಗೆ ನಿಂತು, ಒಂದು ಮಳೆಗೆ ಹೆಂಟೆಹೆಂಟೆಯಾಗಿ ಕಳಚುತ್ತದೆ. ಆನಿಕೆ ಕೊಡದೆ ಅಷ್ಟು ಆಳಕ್ಕೆ ಆಳು ಇಳಿಸಲೇಬಾರದು. ಈಗ ತೆಗೆದಿರುವ ಗುಂಡಿಗೂ ಯಾರೂ ಇಳಿಯದಂತೆ ಇವತ್ತೇ ಪದರ ಪದರವಾಗಿ ಮುಚ್ಚಿಸಿ.

ಇನ್ನೊಂದು, ಎಲ್ಲೆಡೆ ಪೈಲ್. ನಾನಾದರೆ ಇದನ್ನೇ ಹಿಡಿಯುತ್ತೇನೆ. ನೈಋತ್ಯದಲ್ಲಿ 4 ಮೀಟರ್ ಆಳ, ತಳದಲ್ಲಿ ಉಬ್ಬು. ಅದಕ್ಕೆ ಮೊದಲು ಆಗರ್ (ನೆಲ ಕೊರೆಯುವ ಸುರುಳಿ) ಹಾಕಿ ಗರಸು ಎಷ್ಟಕ್ಕೆ ಇದೆ ನೋಡಿ, ನಾಲ್ಕೂವರೆ ಮೀಟರಿಗೆ ಸಿಕ್ಕರೆ ಅಲ್ಲಿಗೇ ಒಯ್ದುಬಿಡಿ. ಈಶಾನ್ಯದಲ್ಲಿ ಗಟ್ಟಿ ಗರಸಿನೊಳಗೆ ಉಬ್ಬು ಕೊರೆಯುವುದು ಆಗದ ಮಾತು, ಬೇಕಾಗಿಯೂ ಇಲ್ಲ. ಅಲ್ಲಿ ನೇರ ಪೈಲನ್ನೇ ಗರಸಿನೊಳಗೆ ಸಾಕಷ್ಟು ಇಳಿಸಿ, ಎಷ್ಟು ಎಂಬುದನ್ನು ಇಂಜಿನಿಯರ್ ಎತ್ತುವ ಬಲದ ಲೆಕ್ಕ ಹಾಕಿ ಹೇಳಲಿ.

ಕಬ್ಬಿಣ ತಳದಿಂದ ತುದಿತನಕ ಇರಬೇಕು. ಮಳೆಗಾಲದಲ್ಲಿ ಮೇಲಿನ ಎರೆ ಪೈಲಿನ ಮೈ ಹಿಡಿದು ಎಳೆಯುತ್ತದೆ, ಕೆಳಗಿನ ಉಬ್ಬು ಬಿಡುವುದಿಲ್ಲ, ನಡುವೆ ಪೈಲ್ ಜಗ್ಗಾಟಕ್ಕೆ ಸಿಗುತ್ತದೆ. ಅರ್ಧಕ್ಕೇ ಕಬ್ಬಿಣ ನಿಲ್ಲಿಸಿದರೆ ಆ ಅರ್ಧದಲ್ಲೇ ತುಂಡು. 12 ಮಿ.ಮೀ.ನ ನಾಲ್ಕು ಸರಳು, 8 ಮಿ.ಮೀ. ರಿಂಗು 200 ಮಿ.ಮೀ.ಗೆ ಒಂದು, ಸುತ್ತ 50 ಮಿ.ಮೀ. ಕವರ್, ಅದಕ್ಕೆ ದುಂಡನೆಯ ಕವರ್ ಬ್ಲಾಕ್.

ಕಪ್ಪುಹೊಲ

ಒಪ್ಪಿದೆ, ಪೈಲೇ. ಆದರೆ ನೆಲದೊಳಗೆ ಉಬ್ಬು ಆಗಿದೆಯೋ ಇಲ್ಲವೋ ನಮಗೆ ಗೊತ್ತಾಗುವುದು ಹೇಗೆ? ಕೊರೆಯುವವರು ಆಯ್ತು ಅಂದರೆ ಆಯ್ತು ಅನ್ನಬೇಕಾ?

ಗರಸುಗಾಡಿ

ಅನಬ್ಯಾಡ್ರಿ. ಎರಡ ಕಡೆ ಹಿಡೀಬಹುದು.

ಒಂದು, ಕಾಂಕ್ರೀಟ್ ಹಾಕೂಕಿಂತ ಮೊದಲ. 12 ಮಿ.ಮೀ. ಸರಳು ತಗೊಂಡು ತುದಿ 225 ಮಿ.ಮೀ. ಕಾಟಕೋನಕ್ಕ (90 ಡಿಗ್ರಿ) ಮಣಸ್ರಿ, ಮ್ಯಾಲ ಹಿಡಿಕಿಗೂ ಅದೇ ದಿಕ್ಕಿಗೆ ಒಂದು ಮಣಕಿ ಕೊಡ್ರಿ, ಕೆಳಗಿನ ಕಾಲು ಯಾವ ಕಡೆ ತಿರಗೇದ ಅಂತ ಗೊತ್ತಾಗಲಿ. ಉಬ್ಬಿನ ನಡುಮಟ್ಟಕ್ಕ ಇಳಿಸಿ ತೂತಿನ ಗ್ವಾಡಿಗೆ ಒತ್ತಿ ಹಿಡೀರಿ, ಕಾಲು ಪೂರಾ ಒಳಗ ಹೋಗಬೇಕು. ಹಿಂಗ ನಾಕೂ ದಿಕ್ಕಿಗೆ. ಒಂದ ಕಡೆ ಹೋಗಿ ಇನ್ನೊಂದ ಕಡೆ ತಡದ್ರ ಉಬ್ಬು ಕೊರಿಯೂ ಬಕೀಟಿನ ಒಂದ ಅಲಗ ತೆರದಿಲ್ಲ ಅಂತ ತಿಳ್ಕೊರಿ, ಮತ್ತ ತಿರಗಸ್ಲಿ. ತಳದಾಗ ಉದುರಿದ ಮಣ್ಣ ಪೂರಾ ಎತ್ತಬೇಕು. ಅಳತಿ ಪಟ್ಟಿ ಬಿಟ್ರ ಕೊರದಷ್ಟ ಆಳ ತೋರಸಬೇಕು, ನಾಕ ಇಂಚ ಕಡಿಮಿ ಬಂದ್ರ ಕೆಳಗ ರಾಡಿ ಕುಂತದ.

ಎರಡು, ಕಾಂಕ್ರೀಟ್ ಲೆಕ್ಕ. ಸ್ಲಂಪ್‌ಕೋನ್ ಅವ್ರು ಘನ ಅಳತಿ ಹೇಳಲಿ, ನಾವು ಚೀಲದಾಗ ನೋಡೂದು.

ಸ್ಲಂಪ್‌ಕೋನ್

300 ಮಿ.ಮೀ.ನ 4 ಮೀಟರ್ ನೇರ ತೂತಿಗೆ 0.28 ಘನ ಮೀಟರ್. 750ರ ಉಬ್ಬು ಆಗಿದ್ದರೆ ಇನ್ನೊಂದು 0.07 ಹೆಚ್ಚು, ಒಟ್ಟು 0.35. ಎಂ25 ದರ್ಜೆಯ ಕಾಂಕ್ರೀಟಿಗೆ ಘನ ಮೀಟರಿಗೆ 8 ಚೀಲ ಸಿಮೆಂಟ್ ಹಿಡಿದರೆ ನೇರ ಪೈಲಿಗೆ ಎರಡೂ ಕಾಲು ಚೀಲ, ಉಬ್ಬಿನದಕ್ಕೆ ಮೂರಕ್ಕೆ ಸ್ವಲ್ಪ ಕಡಿಮೆ. ಪ್ರತಿ ಪೈಲಿಗೂ ಎಷ್ಟು ಹೋಯಿತು ಎಂದು ಪುಸ್ತಕದಲ್ಲಿ ಬರೆದಿಡಿ. ನೈಋತ್ಯದ ಪೈಲೊಂದು ಎರಡೂ ಕಾಲು ಚೀಲಕ್ಕೇ ತುಂಬಿಬಿಟ್ಟರೆ ಉಬ್ಬು ಆಗಿಲ್ಲ, ಇಲ್ಲವೇ ನಡುವೆ ಮಣ್ಣು ಕುಸಿದು ಕತ್ತು ಹಿಸುಕಿದೆ. ನಾಲ್ಕು ಚೀಲ ಹೋದರೆ ಎಲ್ಲೋ ಪೊಳ್ಳು ತಾಗಿದೆ, ಗರಸುಗಾಡಿ ಹೇಳಿದ ಹಗೇವು ನೆನಪಿರಲಿ.

ಕೊರೆದ ದಿನವೇ ಕಾಂಕ್ರೀಟ್ ಮುಗಿಸಿ. ರಾತ್ರಿ ಬಿಟ್ಟರೆ ತೂತಿನ ಗೋಡೆ ಒಣಗಿ ಉದುರುತ್ತದೆ, ಮಳೆ ಬಂದರೆ ಕೇಳುವುದೇ ಬೇಡ. ಸ್ಲಂಪ್ (ಕಾಂಕ್ರೀಟ್ ಎಷ್ಟು ಸಡಿಲ ಎಂಬ ಅಳತೆ) 150 ಮಿ.ಮೀ. ಹತ್ತಿರ ಇರಲಿ, ಗಟ್ಟಿ ಕಾಂಕ್ರೀಟ್ ಉಬ್ಬಿನ ಮೂಲೆಗೆ ಹರಿಯುವುದಿಲ್ಲ. ಬುಟ್ಟಿಯಿಂದ ಸುರಿಯದೆ ಕೊಳವೆ ಇಳಿಸಿ ಹಾಕಿಸಿ, ಇಲ್ಲದಿದ್ದರೆ ಜಲ್ಲಿ ಸರಳಿಗೆ ತಾಗಿ ಕೆಳಗೆ ಬೀಳುವಷ್ಟರಲ್ಲಿ ಗಾರೆಯಿಂದ ಬೇರೆಯಾಗಿರುತ್ತದೆ.

ಕಪ್ಪುಹೊಲ

ಕಡೆಯದೊಂದು. ಗುದ್ದಲಿ ಪೂಜೆ ಈಶಾನ್ಯದಲ್ಲಿ, ಪುರೋಹಿತರು ಎರಡಡಿ ಗುಂಡಿ ತೋಡಿ ಹಾಲು ನೀರು ಬಿಡಬೇಕು ಅನ್ನುತ್ತಾರೆ. ಅದೂ ಕಾಲಂ ಜಾಗಕ್ಕೆ ಬರುತ್ತದಾ?

ತೂಬು

ಸಂಪು ಬರುವ ಜಾಗದಲ್ಲಿ ಮಾಡಿಸಿ. ಅದೂ ಈಶಾನ್ಯವೇ, ಹೇಗೂ ಅಗೆಯುವುದಿದೆ. ಒಂದು ಚೊಂಬು ಹಾಲಿಗೆ ಏನೂ ಆಗುವುದಿಲ್ಲ, ಪೂಜೆ ಮುಗಿದ ಮೇಲೆ ಪಕ್ಕದ ನಲ್ಲಿಯ ಪೈಪು ಮಾತ್ರ ಅಲ್ಲೇ ಬಿಟ್ಟು ಊಟಕ್ಕೆ ಹೋಗಬೇಡಿ.